ಅನಿಲ ಕಂಪ್ರೆಸರ್‌ಗಳ ಪರೀಕ್ಷಾ ಚಾಲನೆ: ಒತ್ತಡದ ಜೊತೆಗೆ ಶಾಖವನ್ನೂ ದಾಖಲಿಸುವ ಬಗೆ

(ಗ್ರಾಮ ಪಂಚಾಯಿತಿ ಸದಸ್ಯರ ಅಧ್ಯಯನಕ್ಕಾಗಿ)

ಹೊಸ ಘಟಕವೊಂದರ ಹಸ್ತಾಂತರದ ದಿನ ಸಾಮಾನ್ಯವಾಗಿ ನಡೆಯುವುದಿಷ್ಟು. ಬೆಳಿಗ್ಗೆ ಯಂತ್ರಕ್ಕೆ ಪೂಜೆಯಾಗುತ್ತದೆ. ಗುತ್ತಿಗೆದಾರರ ತಂತ್ರಜ್ಞರು ಗುಂಡಿ ಒತ್ತುತ್ತಾರೆ. ಗೇಜಿನ ಮುಳ್ಳು ಏರುತ್ತಾ ಏರುತ್ತಾ ಟೆಂಡರಿನಲ್ಲಿ ಹೇಳಿದ ಅಂಕಿಯನ್ನು ಮುಟ್ಟುತ್ತದೆ. ಹತ್ತು ಹದಿನೈದು ನಿಮಿಷಗಳಲ್ಲಿ ಯಂತ್ರವನ್ನು ನಿಲ್ಲಿಸಲಾಗುತ್ತದೆ. ಪರೀಕ್ಷಾ ವರದಿಯಲ್ಲಿ ಒತ್ತಡದ ಕಾಲಂ ಭರ್ತಿಯಾಗಿರುತ್ತದೆ, ಉಷ್ಣಾಂಶದ ಕಾಲಂನಲ್ಲಿ 'ಸರಿಯಿದೆ' ಎಂದು ಬರೆದಿರುತ್ತದೆ. ಅದರ ಕೆಳಗೆ ಸಹಿಗಳು ಬೀಳುತ್ತವೆ. ಡಿಸೆಂಬರ್ ತಿಂಗಳ ಬೆಳಿಗ್ಗೆ ಹೀಗೆ ತೇರ್ಗಡೆಯಾದ ಯಂತ್ರವು ಏಪ್ರಿಲ್ ತಿಂಗಳ ಮಧ್ಯಾಹ್ನ ಮತ್ತೆ ಮತ್ತೆ ನಿಂತುಹೋಗುವುದಕ್ಕೂ, ಅದರ ವಾಲ್ವುಗಳು ಕರಕಲಾಗುವುದಕ್ಕೂ, ಕೆಲವೊಮ್ಮೆ ಅದಕ್ಕಿಂತ ಘೋರವಾದ ಅವಘಡ ಸಂಭವಿಸುವುದಕ್ಕೂ ಕಾರಣವನ್ನು ಹುಡುಕಿದರೆ ಹಲವು ಸಲ ಆ 'ಸರಿಯಿದೆ' ಎಂಬ ಪದದಲ್ಲೇ ಸಿಗುತ್ತದೆ.

ಗೋಬರ್‌ಧನ್ ಯೋಜನೆ ಆರಂಭವಾದದ್ದು 2018ರಲ್ಲಿ. ಸಂಕುಚಿತ ಜೈವಿಕ ಅನಿಲಕ್ಕೆ ಮಾರುಕಟ್ಟೆ ಒದಗಿಸುವ ಸತತ್ ಯೋಜನೆಯೂ ಅದೇ ವರ್ಷದ ಅಕ್ಟೋಬರಿನಲ್ಲಿ ಬಂದಿತು. ಸಗಣಿ, ಕೃಷಿ ತ್ಯಾಜ್ಯ, ಸಕ್ಕರೆ ಕಾರ್ಖಾನೆಯ ಮಡ್ಡಿ ಮುಂತಾದವುಗಳಿಂದ ಬರುವ ಅನಿಲವನ್ನು ಶುದ್ಧೀಕರಿಸಿ, ಸುಮಾರು 250 ಬಾರ್ ಒತ್ತಡಕ್ಕೆ ಒತ್ತಿ, ಸಿಲಿಂಡರುಗಳಲ್ಲಿ ತುಂಬಿ ಮಾರಲಾಗುತ್ತದೆ. ಹಿಂದೆ ಗ್ರಾಮ ಪಂಚಾಯಿತಿಗೆ ತಿಳಿದಿದ್ದ ಗೋಬರ್ ಗ್ಯಾಸ್ ಒಲೆಯ ಒತ್ತಡ ವಾಯುಮಂಡಲದ ಒತ್ತಡಕ್ಕಿಂತ ತುಸು ಹೆಚ್ಚು, ಅಷ್ಟೇ. ಈಗ ಅದೇ ಅನಿಲ ಇನ್ನೂರೈವತ್ತು ಪಟ್ಟು ಒತ್ತಡದಲ್ಲಿ ಊರಿನ ಅಂಚಿನ ಷೆಡ್ಡಿನೊಳಗೆ ಇರುತ್ತದೆ. ಅಲ್ಲಿ ಪಾಳಿಯ ಮೇಲೆ ಕೆಲಸ ಮಾಡುವವರು ಬಹುತೇಕ ಅದೇ ಊರಿನ ಯುವಕರು. ಆದ್ದರಿಂದ ಪರೀಕ್ಷಾ ಚಾಲನೆಗೆ ಸಾಕ್ಷಿಯಾಗಿ ನಿಲ್ಲುವ ಸದಸ್ಯರು ಯಾವುದನ್ನು ನೋಡಬೇಕು, ಏನನ್ನು ಕೇಳಬೇಕು ಎಂಬುದು ಈ ಪಾಠದ ವಿಷಯ.

ಒತ್ತಿದ ಅನಿಲ ಬಿಸಿಯಾಗುವುದೇಕೆ

ಸೈಕಲ್ ಚಕ್ರಕ್ಕೆ ಗಾಳಿ ಹೊಡೆದವರಿಗೆಲ್ಲ ಪಂಪಿನ ಬುಡ ಬಿಸಿಯಾಗುವುದು ಗೊತ್ತು. ತಿಕ್ಕಾಟದಿಂದ ಬಿಸಿಯಾಗುತ್ತದೆ ಎಂದು ಹಲವರು ಭಾವಿಸುತ್ತಾರೆ. ತಿಕ್ಕಾಟದ ಪಾಲು ಅದರಲ್ಲಿ ಅಲ್ಪ. ಅನಿಲವನ್ನು ಒತ್ತಲು ತೋಳು ವ್ಯಯಿಸಿದ ಶಕ್ತಿಯೇ ಅನಿಲದೊಳಗೆ ಸೇರಿ ಶಾಖವಾಗಿ ಕಾಣಿಸಿಕೊಳ್ಳುತ್ತದೆ. ಎಣ್ಣೆ ಹಾಕಿದರೂ, ಹೊಸ ಪಂಪು ತಂದರೂ ಈ ಬಿಸಿ ತಪ್ಪುವುದಿಲ್ಲ. ಕಂಪ್ರೆಸರ್ ಎಷ್ಟೇ ಉತ್ತಮ ಕಂಪನಿಯದ್ದಾಗಿರಲಿ, ಈ ನಿಯಮ ಅದಕ್ಕೂ ಅನ್ವಯಿಸುತ್ತದೆ.

ಎಷ್ಟು ಬಿಸಿಯಾಗುತ್ತದೆ ಎಂಬುದನ್ನು ನಿರ್ಧರಿಸುವ ಅಂಶಗಳು ಮೂರು: ಒಳಬರುವ ಅನಿಲದ ಉಷ್ಣಾಂಶ, ಒತ್ತಡವನ್ನು ಎಷ್ಟು ಪಟ್ಟು ಏರಿಸಲಾಗುತ್ತಿದೆ ಎಂಬ ಅನುಪಾತ ಮತ್ತು ಅನಿಲದ ಗುಣ. ವಾಯುಮಂಡಲದ ಒತ್ತಡದಲ್ಲಿರುವ 27 ಡಿಗ್ರಿ ಸೆಲ್ಸಿಯಸ್‌ನ ಮೀಥೇನನ್ನು ಒಂದೇ ಏಟಿಗೆ 250 ಬಾರ್‌ಗೆ ಒತ್ತಿದರೆ, ಲೆಕ್ಕದ ಪ್ರಕಾರ ಅದರ ಉಷ್ಣಾಂಶ 800 ಡಿಗ್ರಿಯನ್ನು ಮೀರುತ್ತದೆ. ಎಣ್ಣೆಯಾಗಲಿ, ಪಿಸ್ಟನ್ ರಿಂಗುಗಳಾಗಲಿ, ವಾಲ್ವಿನ ಸ್ಪ್ರಿಂಗುಗಳಾಗಲಿ ಅದನ್ನು ತಾಳಲಾರವು. ಆ ಕಾರಣಕ್ಕೆ ಕೆಲಸವನ್ನು ಹಂತಗಳಾಗಿ ಹಂಚಲಾಗುತ್ತದೆ. ನಾಲ್ಕು ಹಂತಗಳ ಯಂತ್ರವಾದರೆ ಪ್ರತಿ ಹಂತವೂ ಒತ್ತಡವನ್ನು ಸುಮಾರು ನಾಲ್ಕು ಪಟ್ಟು ಮಾಡುತ್ತದೆ: 1 ಬಾರ್ 4 ಆಗುತ್ತದೆ, 4 ಹದಿನಾರಾಗುತ್ತದೆ, 16 ಅರವತ್ತನಾಲ್ಕಾಗುತ್ತದೆ, 64 ಇನ್ನೂರೈವತ್ತಾರಾಗುತ್ತದೆ. ಒಂದೊಂದು ಹಂತ ಮುಗಿದ ಮೇಲೂ ಇಂಟರ್‌ಕೂಲರ್ ಎಂಬ ಕೊಳವೆಗಳ ಜಾಲದಲ್ಲಿ ಅನಿಲವನ್ನು ತಣಿಸಿ ಮುಂದಿನ ಹಂತಕ್ಕೆ ಕಳುಹಿಸಲಾಗುತ್ತದೆ. ನಾಲ್ಕು ಪಟ್ಟಿನ ಒಂದು ಹಂತದಲ್ಲಿ 27 ಡಿಗ್ರಿಯ ಮೀಥೇನ್ ಸುಮಾರು 143 ಡಿಗ್ರಿಗೆ ಏರುತ್ತದೆ. ಇದು ಯಂತ್ರ ತಾಳಬಲ್ಲ ಬಿಸಿ.

ಇಲ್ಲೊಂದು ಎಚ್ಚರಿಕೆ. ಗೇಜಿನಲ್ಲಿ ಕಾಣುವ ಅಂಕಿ ವಾಯುಮಂಡಲದ ಒತ್ತಡವನ್ನು ಬಿಟ್ಟು ತೋರಿಸುತ್ತದೆ. ಅನುಪಾತ ಲೆಕ್ಕ ಹಾಕುವಾಗ ಪ್ರತಿ ಅಂಕಿಗೂ 1 ಸೇರಿಸಬೇಕು. ಒಳಹರಿವಿನ ಗೇಜು 0, ಹೊರಹರಿವಿನ ಗೇಜು 3 ತೋರಿಸಿದರೆ ಅನುಪಾತ ಮೂರಲ್ಲ, ನಾಲ್ಕು. ಹಾಗೆಯೇ ಉಷ್ಣಾಂಶದ ಲೆಕ್ಕವನ್ನು ಮಾಡುವಾಗ ಸೆಲ್ಸಿಯಸ್ ಅಂಕಿಗೆ 273 ಸೇರಿಸಿಕೊಂಡು, ಉತ್ತರದಿಂದ ಮತ್ತೆ 273 ಕಳೆಯಬೇಕು. ಈ ಎರಡು ಸಂಕಲನಗಳು ಗೊತ್ತಿದ್ದರೆ ಪರೀಕ್ಷಾ ವರದಿಯ ಅರ್ಧ ಭಾಗವನ್ನು ಸದಸ್ಯರೇ ತಾಳೆ ನೋಡಬಹುದು.

ಪಿಸ್ಟನ್ ಮಾದರಿಯ ಅನಿಲ ಕಂಪ್ರೆಸರ್‌ಗಳಿಗೆ ಜಗತ್ತಿನಾದ್ಯಂತ ಅನುಸರಿಸುವ ಎಪಿಐ 618 ಮಾನಕವು ಯಾವುದೇ ಹಂತದ ಹೊರಹರಿವಿನ ನಿರೀಕ್ಷಿತ ಉಷ್ಣಾಂಶ 150 ಡಿಗ್ರಿ ಸೆಲ್ಸಿಯಸ್ ಮೀರಬಾರದೆಂದು ಹೇಳುತ್ತದೆ. ಚಿಕ್ಕ ಘಟಕಗಳ ಯಂತ್ರಗಳು ಬೇರೆ ಮಾನಕದ ಮೇಲೆ ತಯಾರಾಗಿರಬಹುದು. ತಯಾರಕರ ಕೈಪಿಡಿಯಲ್ಲಿರುವ ಮಿತಿಯೇ ಅಲ್ಲಿ ಅಂತಿಮ. ಆದರೆ 150 ಎಂಬ ಅಂಕಿಯನ್ನು ನೆನಪಿನಲ್ಲಿಟ್ಟುಕೊಂಡರೆ ಅಳತೆಗೋಲೊಂದು ಕೈಯಲ್ಲಿದ್ದಂತೆ. ಅದರಾಚೆಗೆ ಎಣ್ಣೆ ಕರಕಲಾಗಿ ವಾಲ್ವುಗಳಿಗೆ ಅಂಟತೊಡಗುತ್ತದೆ. ಅಂಟಿದ ವಾಲ್ವು ಪೂರ್ತಿ ಮುಚ್ಚುವುದಿಲ್ಲ. ಆಗ ಒತ್ತಿದ ಬಿಸಿ ಅನಿಲ ಹಿಂದಕ್ಕೆ ನುಸುಳಿ ಮತ್ತೊಮ್ಮೆ ಒತ್ತಲ್ಪಡುತ್ತದೆ, ಬಿಸಿ ಇನ್ನಷ್ಟು ಏರುತ್ತದೆ. ಒಂದು ಹಂತದ ಉಷ್ಣಾಂಶ ಮಾತ್ರ ದಿನದಿಂದ ದಿನಕ್ಕೆ ಏರುತ್ತಿದ್ದರೆ ಅನುಭವಿ ತಂತ್ರಜ್ಞರು ಮೊದಲು ಆ ಹಂತದ ವಾಲ್ವನ್ನೇ ಬಿಚ್ಚಿ ನೋಡುವುದು ಇದಕ್ಕಾಗಿ.

ಪರೀಕ್ಷೆಗೆ ಬಳಸುವ ಅನಿಲ

ಪರೀಕ್ಷೆಯ ಸಂಕಷ್ಟಗಳಲ್ಲಿ ಇದು ಮೊದಲನೆಯದು, ಹೆಚ್ಚಿನವರ ಗಮನಕ್ಕೆ ಬಾರದ್ದು. ಹೊಸ ಘಟಕದಲ್ಲಿ ಡೈಜೆಸ್ಟರಿಗೆ ಸಗಣಿ ತುಂಬಿ ಸಾಕಷ್ಟು ಅನಿಲ ಬರಲು ವಾರಗಳು ಬೇಕು. ಅಷ್ಟರೊಳಗೆ ಬಿಲ್ಲು ಮಂಜೂರಾಗಬೇಕೆಂಬ ಅವಸರವಿರುತ್ತದೆ. ಆದ್ದರಿಂದ ಬೇರೆ ಅನಿಲದಿಂದ ಯಂತ್ರವನ್ನು ಓಡಿಸಿ ತೋರಿಸುವ ಪ್ರಸ್ತಾಪ ಬರುತ್ತದೆ.

ಬೇರೆ ಅನಿಲ ಎಂದರೆ ಬೇರೆ ಬಿಸಿ. 27 ಡಿಗ್ರಿಯಿಂದ ಹೊರಟು ನಾಲ್ಕು ಪಟ್ಟು ಒತ್ತಿದಾಗ ಮೀಥೇನ್ 143 ಡಿಗ್ರಿಗೆ ಏರಿದರೆ, ನೈಟ್ರೋಜನ್ 173 ಡಿಗ್ರಿಗೆ ಏರುತ್ತದೆ. ಕಾರ್ಬನ್ ಡೈಆಕ್ಸೈಡ್ 137ರ ಆಸುಪಾಸಿನಲ್ಲಿ ನಿಲ್ಲುತ್ತದೆ. ಸೋರಿಕೆ ಪತ್ತೆಗೆ ಬಳಸುವ ಹೀಲಿಯಂ ಅನ್ನು ಹಾಗೆಯೇ ಒತ್ತಿದರೆ 249 ಡಿಗ್ರಿಯವರೆಗೆ ಹೋಗುತ್ತದೆ. ಇವು ಆದರ್ಶ ಸ್ಥಿತಿಯ ಲೆಕ್ಕಗಳು. ನಿಜವಾದ ಯಂತ್ರದಲ್ಲಿ ಸಿಲಿಂಡರಿನ ಗೋಡೆ ಸ್ವಲ್ಪ ಶಾಖವನ್ನು ಹೀರುತ್ತದೆ, ವಾಲ್ವುಗಳ ತಡೆ ಸ್ವಲ್ಪ ಶಾಖವನ್ನು ಸೇರಿಸುತ್ತದೆ. ಆದರೂ ಅನಿಲಗಳ ನಡುವಿನ ಅಂತರ ಹೆಚ್ಚುಕಡಿಮೆ ಹಾಗೆಯೇ ಉಳಿಯುತ್ತದೆ. ಹೀಗಾಗಿ ಮೀಥೇನಿಗಾಗಿ ಕಟ್ಟಿದ ಯಂತ್ರವನ್ನು ನೈಟ್ರೋಜನ್ನಿನಿಂದ ಅದೇ ಒತ್ತಡದವರೆಗೆ ಓಡಿಸಿದರೆ ಅದು ತನ್ನ ಮಿತಿಯನ್ನು ಮೀರಿಯೇ ಮೀರುತ್ತದೆ. ಅದು ಯಂತ್ರದ ದೋಷವಲ್ಲ, ಪರೀಕ್ಷೆಯ ದೋಷ. ಅನುಪಾತವನ್ನು ನಾಲ್ಕರಿಂದ ಸುಮಾರು ಮೂರಕ್ಕೆ ಇಳಿಸಿದರೆ ನೈಟ್ರೋಜನ್ನಿನ ಬಿಸಿ ಮೀಥೇನಿನ ಮಟ್ಟಕ್ಕೆ ಬರುತ್ತದೆ. ಯಾವ ಒತ್ತಡದವರೆಗೆ ನೈಟ್ರೋಜನ್ನಿನಲ್ಲಿ ಓಡಿಸಬಹುದು ಎಂಬುದನ್ನು ತಯಾರಕರಿಂದ ಲಿಖಿತವಾಗಿ ಪಡೆದುಕೊಂಡೇ ಪರೀಕ್ಷೆ ಆರಂಭಿಸತಕ್ಕದ್ದು. ಅಂತಹ ಪರೀಕ್ಷೆ ಯಂತ್ರದ ಜೋಡಣೆ, ಸೋರಿಕೆ, ಕಂಪನಗಳನ್ನು ನೋಡಲು ಸಾಕು. ಪೂರ್ಣ ಒತ್ತಡದ ಪರೀಕ್ಷೆಯನ್ನು ಘಟಕದ ಅನಿಲ ಬಂದ ಮೇಲೆಯೇ ನಡೆಸಿ, ಅಲ್ಲಿಯವರೆಗೆ ಅಂತಿಮ ಕಂತಿನ ಬಿಲ್ಲನ್ನು ತಡೆಹಿಡಿಯುವ ಷರತ್ತು ಒಪ್ಪಂದದಲ್ಲೇ ಇದ್ದರೆ ಎರಡೂ ಕಡೆಯವರಿಗೆ ಕ್ಷೇಮ.

ಗಾಳಿಯ ವಿಷಯ ಬೇರೆ. ಗಾಳಿಯೂ ನೈಟ್ರೋಜನ್ನಿನಷ್ಟೇ ಬಿಸಿಯಾಗುತ್ತದೆ, ಆದರೆ ಅದರಲ್ಲಿ ಆಮ್ಲಜನಕವಿದೆ. ಎಣ್ಣೆಯಿರುವ ಸಿಲಿಂಡರಿನಲ್ಲಿ ಗಾಳಿಯನ್ನು ಅಧಿಕ ಒತ್ತಡಕ್ಕೆ ಒತ್ತುವುದೆಂದರೆ ಡೀಸೆಲ್ ಎಂಜಿನ್ನು ಮಾಡುವ ಕೆಲಸವನ್ನೇ ಮಾಡಿದಂತೆ. ಡೀಸೆಲ್ ಎಂಜಿನ್ನಿಗೆ ಬೆಂಕಿ ಹಚ್ಚುವ ಪ್ಲಗ್ ಬೇಕಿಲ್ಲ, ಒತ್ತಿದ ಗಾಳಿಯ ಬಿಸಿಯೇ ಇಂಧನವನ್ನು ಹೊತ್ತಿಸುತ್ತದೆ. ಜೈವಿಕ ಅನಿಲದ ಕಂಪ್ರೆಸರನ್ನು 'ಸುಮ್ಮನೆ ಗಾಳಿಯಲ್ಲಿ ಓಡಿಸಿ ತೋರಿಸುತ್ತೇವೆ' ಎಂದು ಯಾರಾದರೂ ಹೇಳಿದರೆ, ಒತ್ತಡವಿಲ್ಲದೆ ತೆರೆದ ವಾಲ್ವುಗಳೊಂದಿಗೆ ತಿರುಗಿಸುವುದಾದರೆ ಮಾತ್ರ ಒಪ್ಪಬಹುದು, ಅದೂ ಕೈಪಿಡಿ ಅನುಮತಿಸಿದ್ದರೆ. ಅಧಿಕ ಒತ್ತಡಕ್ಕೆ ಗಾಳಿಯನ್ನು ಏರಿಸುವುದನ್ನು ಅಲ್ಲೇ ತಡೆಯಬೇಕು. ಆಮ್ಲಜನಕದ ಸಿಲಿಂಡರಿನಿಂದ ಸೋರಿಕೆ ಪರೀಕ್ಷೆ ಮಾಡುವ ದುರಭ್ಯಾಸವಂತೂ ಎಲ್ಲಿಯೂ ಸಲ್ಲದು. ಒತ್ತಡದ ಆಮ್ಲಜನಕ ಎಣ್ಣೆ ಗ್ರೀಸುಗಳನ್ನು ಕಿಡಿಯಿಲ್ಲದೆಯೂ ಹೊತ್ತಿಸಬಲ್ಲದು.

ಗಾಳಿಯಲ್ಲಿ ಮೀಥೇನ್ 5ರಿಂದ 15 ಶೇಕಡಾ ಬೆರೆತಾಗ ಸ್ಫೋಟಕ ಮಿಶ್ರಣವಾಗುತ್ತದೆ. ಗಾಳಿಯಲ್ಲಿ ತಿರುಗಿಸಿದ ಯಂತ್ರಕ್ಕೆ ನೇರವಾಗಿ ಜೈವಿಕ ಅನಿಲವನ್ನು ಬಿಟ್ಟರೆ ಕೊಳವೆಗಳೊಳಗೆ ಸ್ವಲ್ಪ ಹೊತ್ತಾದರೂ ಇಂತಹ ಮಿಶ್ರಣ ಇದ್ದೇ ಇರುತ್ತದೆ, ಬಿಸಿಯಾದ ವಾಲ್ವುಗಳೂ ಅಲ್ಲೇ ಇರುತ್ತವೆ. ಆದುದರಿಂದ ನಡುವೆ ನೈಟ್ರೋಜನ್ ಹಾಯಿಸಿ ಗಾಳಿಯನ್ನು ಹೊರದೂಡುವ ಕ್ರಮವಿದೆ. ಪರೀಕ್ಷಾ ದಿನದ ಸಾಮಗ್ರಿಗಳಲ್ಲಿ ನೈಟ್ರೋಜನ್ ಸಿಲಿಂಡರುಗಳು ಬಂದಿವೆಯೇ ಎಂದು ಕಣ್ಣಾರೆ ನೋಡುವುದು ಯಾವ ಸದಸ್ಯರಿಗೂ ಕಷ್ಟವಲ್ಲ.

ಸುತ್ತಿ ಸುತ್ತಿ ಬರುವ ಅನಿಲ

ಪರೀಕ್ಷೆಯ ಕಾಲದಲ್ಲಿ ಒತ್ತಿದ ಅನಿಲವನ್ನು ತುಂಬಲು ಸಿಲಿಂಡರುಗಳ ಸಾಲು ಸಿದ್ಧವಾಗಿರುವುದಿಲ್ಲ. ಹೊರಗೆ ಬಿಟ್ಟರೆ ಅಪಾಯ ಮತ್ತು ನಷ್ಟ. ಹೀಗಾಗಿ ಹೊರಹರಿವಿನ ಅನಿಲವನ್ನು ಒಂದು ವಾಲ್ವಿನ ಮೂಲಕ ಒತ್ತಡ ಇಳಿಸಿ ಮತ್ತೆ ಒಳಹರಿವಿಗೇ ತಂದು ಸೇರಿಸಲಾಗುತ್ತದೆ. ತಯಾರಕರ ಕಾರ್ಖಾನೆಗಳ ಪರೀಕ್ಷಾ ವೇದಿಕೆಗಳಲ್ಲೂ ಇದೇ ಪದ್ಧತಿ. ವಿಧಾನ ಸರಿಯಾದುದೇ. ಆದರೆ ಆ ಸುತ್ತಿನಲ್ಲಿ ಕೂಲರ್ ಎಲ್ಲಿದೆ ಎಂಬುದರ ಮೇಲೆ ಎಲ್ಲವೂ ನಿಂತಿದೆ.

ವಾಲ್ವು ಒತ್ತಡವನ್ನು ಇಳಿಸುತ್ತದೆ. ಮೋಟಾರು ಅನಿಲದೊಳಗೆ ಸೇರಿಸಿದ ಶಕ್ತಿಯನ್ನು ಅದು ಹೊರಹಾಕುವುದಿಲ್ಲ. 37 ಕಿಲೋವಾಟ್ ಮೋಟಾರು, ಅಂದರೆ ಸುಮಾರು 50 ಅಶ್ವಶಕ್ತಿಯದು, ಪೂರ್ಣ ಹೊರೆಯಲ್ಲಿ ಓಡುತ್ತಿದ್ದರೆ, ಒಂದು ಕಿಲೋವಾಟಿನ 37 ನೀರು ಕಾಯಿಸುವ ಸುರುಳಿಗಳನ್ನು ಆ ಮುಚ್ಚಿದ ಸುತ್ತಿನೊಳಗೆ ಉರಿಸಿದಂತೆ. ಅಷ್ಟು ಶಾಖ 100 ಲೀಟರ್ ನೀರನ್ನು 30 ಡಿಗ್ರಿಯಿಂದ ಕುದಿಯುವ ಹಂತಕ್ಕೆ ತರಲು ಸುಮಾರು 13 ನಿಮಿಷ ಸಾಕು. ಕೊನೆಯ ಕೂಲರ್ ದಾಟಿದ ಮೇಲೆ ಅನಿಲವನ್ನು ಹಿಂತಿರುಗಿಸಿದರೆ ಈ ಶಾಖ ಕೂಲರಿನ ಮೂಲಕ ಹೊರಗೆ ಹೋಗುತ್ತದೆ. ಕೂಲರಿಗಿಂತ ಮೊದಲೇ ಕವಲೊಡೆದ ಬೈಪಾಸ್ ಕೊಳವೆಯಿಂದ ಹಿಂತಿರುಗಿಸಿದರೆ ಬಿಸಿ ಅನಿಲವೇ ಮತ್ತೆ ಒಳಗೆ ಬರುತ್ತದೆ. ನಾಲ್ಕು ಪಟ್ಟಿನ ಹಂತದಲ್ಲಿ ಒಳಹರಿವು 10 ಡಿಗ್ರಿ ಏರಿದರೆ ಹೊರಹರಿವು ಸುಮಾರು 14 ಡಿಗ್ರಿ ಏರುತ್ತದೆ. ಆ 14 ಡಿಗ್ರಿಯ ಒಂದು ಪಾಲು ಮತ್ತೆ ಒಳಗೆ ಬಂದು ಇನ್ನಷ್ಟಾಗುತ್ತದೆ. ಚಕ್ರಬಡ್ಡಿಯ ಸಾಲ ಕಂಡವರಿಗೆ ಇದನ್ನು ಹೆಚ್ಚು ವಿವರಿಸಬೇಕಾಗಿಲ್ಲ.

ಮೋಸಹೋಗುವ ಒಂದು ಸಂದರ್ಭವೂ ಇದೆ. ಬಹಳ ಹೆಚ್ಚಿನ ಒತ್ತಡದಿಂದ ಹಠಾತ್ತನೆ ಇಳಿಯುವಾಗ ಮೀಥೇನ್ ತಣ್ಣಗಾಗುತ್ತದೆ. ವಾಲ್ವಿನ ಹೊರಮೈ ಬೆವರಬಹುದು, ಹಿಮವೂ ಕಟ್ಟಬಹುದು. ಅದನ್ನು ತೋರಿಸಿ 'ನೋಡಿ, ಎಷ್ಟು ತಂಪಾಗಿದೆ' ಎನ್ನುವವರಿದ್ದಾರೆ. ವಾಲ್ವಿನ ತಂಪು ಸಿಲಿಂಡರಿನ ಬಿಸಿಗೆ ಉತ್ತರವಲ್ಲ. ಓದಬೇಕಾದದ್ದು ಪ್ರತಿ ಹಂತದ ಹೊರಹರಿವಿನ ಉಷ್ಣಾಂಶ ಮಾಪಕವನ್ನು.

ಪರೀಕ್ಷೆಯ ಅವಧಿ ಮತ್ತು ವೇಳೆ

ಕಬ್ಬಿಣ ನಿಧಾನವಾಗಿ ಬಿಸಿಯಾಗುತ್ತದೆ. ಒತ್ತಡ ಎರಡು ನಿಮಿಷಗಳಲ್ಲಿ ಏರುತ್ತದೆ, ಉಷ್ಣಾಂಶ ಸ್ಥಿರವಾಗಲು ಒಂದು ಗಂಟೆಗೂ ಹೆಚ್ಚು ಹಿಡಿಯಬಹುದು. ವಿವರಣೆಗಾಗಿ ಕಲ್ಪಿಸಿದ ಒಂದು ದಾಖಲೆ ಹೀಗಿದೆ. ಬೆಳಿಗ್ಗೆ 10 ಗಂಟೆಗೆ ಪೂರ್ಣ ಹೊರೆಯಲ್ಲಿ ಚಾಲನೆ, ಒಳಹರಿವು 27 ಡಿಗ್ರಿ. ಮೊದಲ ಹಂತದ ಹೊರಹರಿವು 10.15ಕ್ಕೆ 96 ಡಿಗ್ರಿ, 10.30ಕ್ಕೆ 118, 10.45ಕ್ಕೆ 129, 11ಕ್ಕೆ 135, 11.15ಕ್ಕೆ 138, 11.30ಕ್ಕೆ 139, 11.45ಕ್ಕೆ 139. ಹದಿನೈದು ನಿಮಿಷಕ್ಕೇ ನಿಲ್ಲಿಸಿದ್ದರೆ ವರದಿಯಲ್ಲಿ 96 ಎಂಬ ಹಿತವಾದ ಅಂಕಿ ಇರುತ್ತಿತ್ತು. ನಿಜವಾದ ಅಂಕಿ 139. ಹದಿನೈದು ನಿಮಿಷಗಳ ಅಂತರದಲ್ಲಿ ಬರೆದ ಮೂರು ಓದುಗಳು ಒಂದೆರಡು ಡಿಗ್ರಿಯೊಳಗೆ ಒಂದೇ ಆಗುವವರೆಗೆ ಚಾಲನೆ ಮುಂದುವರಿಯಬೇಕೆಂದು ಕೇಳುವುದು ನ್ಯಾಯವಾದ ಕೋರಿಕೆ. ಅದಕ್ಕೆ ಒಪ್ಪದ ಗುತ್ತಿಗೆದಾರರಿಂದ ಕಾರಣವನ್ನು ಬರೆಸಿಕೊಳ್ಳುವುದೂ ನ್ಯಾಯವಾದದ್ದೇ.

ಆ 139 ಡಿಗ್ರಿ 150ರೊಳಗಿದೆ, ಆದ್ದರಿಂದ ಯಂತ್ರ ತೇರ್ಗಡೆಯೇ? ಇನ್ನೂ ಇಲ್ಲ. ಅದು 27 ಡಿಗ್ರಿಯ ದಿನದ ಅಂಕಿ. ರಾಯಚೂರು, ಕಲಬುರಗಿ, ಬಳ್ಳಾರಿ ಕಡೆಗಳಲ್ಲಿ ಬೇಸಿಗೆಯ ಮಧ್ಯಾಹ್ನ 42 ಡಿಗ್ರಿ ಅಪರೂಪವಲ್ಲ. ಬಿಸಿಲಿನಲ್ಲಿರುವ ಅನಿಲ ಚೀಲದಿಂದ ಬರುವ ಅನಿಲವೂ ಅಷ್ಟೇ ಬಿಸಿಯಾಗಿರುತ್ತದೆ. ಲೆಕ್ಕ ಸುಲಭ. 139ಕ್ಕೆ 273 ಸೇರಿಸಿದರೆ 412, 27ಕ್ಕೆ 273 ಸೇರಿಸಿದರೆ 300. 412ನ್ನು 300ರಿಂದ ಭಾಗಿಸಿದರೆ 1.373. 42ಕ್ಕೆ 273 ಸೇರಿಸಿದರೆ 315. ಅದನ್ನು 1.373ರಿಂದ ಗುಣಿಸಿದರೆ 432ಕ್ಕಿಂತ ತುಸು ಹೆಚ್ಚು. 273 ಕಳೆದರೆ ಸುಮಾರು 160 ಡಿಗ್ರಿ. ಹೊರಗಿನ ಬಿಸಿ 15 ಡಿಗ್ರಿ ಏರಿದರೆ ಒಳಗಿನ ಬಿಸಿ 15 ಅಲ್ಲ, ಸುಮಾರು 21 ಡಿಗ್ರಿ ಏರಿತು. ಚಳಿಗಾಲದಲ್ಲಿ ತೇರ್ಗಡೆಯಾದ ಯಂತ್ರ ಬೇಸಿಗೆಯಲ್ಲಿ ಮಿತಿಯನ್ನು ದಾಟುತ್ತದೆ. ಮೊಬೈಲ್ ಫೋನಿನ ಕ್ಯಾಲ್ಕುಲೇಟರಿನಲ್ಲಿ ಎರಡು ನಿಮಿಷದ ಈ ಲೆಕ್ಕವನ್ನು ಹಸ್ತಾಂತರಕ್ಕೆ ಮೊದಲು ಮಾಡಿದರೆ ಹೆಚ್ಚಿನ ಕೂಲರ್ ಅಥವಾ ನೆರಳಿನ ವ್ಯವಸ್ಥೆಯ ಖರ್ಚು ಗುತ್ತಿಗೆದಾರರದ್ದು. ಏಪ್ರಿಲ್ ತಿಂಗಳಲ್ಲಿ ಮಾಡಿದರೆ ಪಂಚಾಯಿತಿಯದ್ದು. ಸಾಧ್ಯವಿದ್ದಲ್ಲಿ ಪರೀಕ್ಷೆಯನ್ನೇ ಮಧ್ಯಾಹ್ನ ಎರಡರಿಂದ ನಾಲ್ಕರ ನಡುವೆ ಇರಿಸಿಕೊಳ್ಳುವುದು ಇನ್ನೂ ಉತ್ತಮ. ಪೂಜೆ ಬೆಳಿಗ್ಗೆಯೇ ಆಗಲಿ, ಅದಕ್ಕೆ ಅಡ್ಡಿಯಿಲ್ಲ.

ಮಾಪಕದ ವಿಷಯವಾಗಿ ಒಂದು ಮಾತು. ಕೈಯಲ್ಲಿ ಹಿಡಿದು ದೂರದಿಂದ ತೋರಿಸುವ ಇನ್‌ಫ್ರಾರೆಡ್ ಮಾಪಕ ಹೊರಮೈಯ ಬಿಸಿಯನ್ನಷ್ಟೇ ಓದುತ್ತದೆ, ಒಳಗಿನ ಅನಿಲದ್ದನ್ನಲ್ಲ. ಹೊಳೆಯುವ ಉಕ್ಕಿನ ಕೊಳವೆಯ ಮೇಲೆ ಹಿಡಿದರೆ ನಿಜಕ್ಕಿಂತ ಬಹಳ ಕಡಿಮೆ ತೋರಿಸುತ್ತದೆ. ಕಪ್ಪು ಟೇಪಿನ ತುಂಡನ್ನು ಅಂಟಿಸಿ ಅದರ ಮೇಲೆ ಹಿಡಿದರೆ ಹೊರಮೈಯ ಅಂಕಿಯಾದರೂ ಸರಿಯಾಗಿ ಸಿಗುತ್ತದೆ. ವರದಿಗೆ ಬರೆಯಬೇಕಾದದ್ದು ಕೊಳವೆಯೊಳಗೆ ಇಳಿಬಿಟ್ಟ ಮಾಪಕದ ಅಂಕಿ. ಕೈಯಿಂದ ಮುಟ್ಟಿ ನೋಡುವುದಂತೂ ಬೇಡ: 60 ಡಿಗ್ರಿಯ ಲೋಹವನ್ನು ಕೆಲವೇ ಸೆಕೆಂಡು ಮುಟ್ಟಿದರೂ ಚರ್ಮ ಸುಡುತ್ತದೆ.

ತಾನಾಗಿ ನಿಲ್ಲುವ ಏರ್ಪಾಡು

ಸುರಕ್ಷತಾ ವಾಲ್ವು ಇದೆಯಲ್ಲ ಎಂಬ ಮಾತು ಹಲವು ಸಲ ಕೇಳಿಬರುತ್ತದೆ. ಅದು ಒತ್ತಡ ಹೆಚ್ಚಾದಾಗ ತೆರೆಯುತ್ತದೆ. ಬಿಸಿ ಹೆಚ್ಚಾದದ್ದು ಅದಕ್ಕೆ ತಿಳಿಯುವುದೇ ಇಲ್ಲ. ಬಿಸಿಗಾಗಿ ಪ್ರತ್ಯೇಕವಾದ ಟ್ರಿಪ್ ಸ್ವಿಚ್ ಇರುತ್ತದೆ. ನಿಗದಿತ ಡಿಗ್ರಿಯನ್ನು ಮುಟ್ಟಿದೊಡನೆ ಅದು ಮೋಟಾರನ್ನು ನಿಲ್ಲಿಸಬೇಕು. ಪರೀಕ್ಷೆಯ ಗಡಿಬಿಡಿಯಲ್ಲಿ ಮೊದಲು ಬಲಿಯಾಗುವುದು ಇದೇ. ಯಂತ್ರ ಮತ್ತೆ ಮತ್ತೆ ನಿಲ್ಲುತ್ತಿದ್ದರೆ, ಅತಿಥಿಗಳು ಕಾಯುತ್ತಿದ್ದರೆ, ಎರಡು ತಂತಿಗಳನ್ನು ಒಂದು ತುಂಡು ವೈರಿನಿಂದ ಜೋಡಿಸಿ ಸ್ವಿಚ್ಚನ್ನು ನಿಷ್ಕ್ರಿಯಗೊಳಿಸಲಾಗುತ್ತದೆ. ಸಮಾರಂಭ ಮುಗಿದ ಮೇಲೆ ಆ ತುಂಡು ವೈರನ್ನು ತೆಗೆಯಲು ಮರೆತರೆ, ಮುಂದೆ ರಾತ್ರಿ ಪಾಳಿಯಲ್ಲಿ ಒಬ್ಬನೇ ಇರುವ ಹುಡುಗನಿಗೆ ಆ ವಿಷಯ ಗೊತ್ತೇ ಇರುವುದಿಲ್ಲ. ತನ್ನ ಯಂತ್ರ ತಾನಾಗಿ ನಿಲ್ಲುತ್ತದೆಂಬ ನಂಬಿಕೆಯಲ್ಲಿ ಅವನು ಕುಳಿತಿರುತ್ತಾನೆ.

ಇದನ್ನು ಪರೀಕ್ಷಿಸುವ ಸರಳ ಉಪಾಯವಿದೆ. ಯಂತ್ರ ಸ್ಥಿರವಾಗಿ 139 ಡಿಗ್ರಿಯಲ್ಲಿ ಓಡುತ್ತಿರುವಾಗ ಟ್ರಿಪ್ ಮಿತಿಯನ್ನು ತಾತ್ಕಾಲಿಕವಾಗಿ 130ಕ್ಕೆ ಇಳಿಸಲು ತಂತ್ರಜ್ಞರಿಗೆ ಹೇಳಬೇಕು. ಯಂತ್ರ ನಿಂತರೆ ಏರ್ಪಾಡು ಸರಿಯಿದೆ. ನಿಲ್ಲದಿದ್ದರೆ ಹಸ್ತಾಂತರ ಅಲ್ಲಿಗೇ ನಿಲ್ಲಬೇಕು. ಪ್ರತಿ ಹಂತಕ್ಕೂ ಹೀಗೆ ಮಾಡಿ, ಕೊನೆಗೆ ಮಿತಿಯನ್ನು ಮೊದಲಿನ ಅಂಕಿಗೆ ತಂದು, ಆ ಅಂಕಿಯನ್ನೂ ವೇಳೆಯನ್ನೂ ವರದಿಯಲ್ಲಿ ಬರೆಸಿಕೊಳ್ಳತಕ್ಕದ್ದು. ಇಡೀ ಪರೀಕ್ಷೆಯಲ್ಲಿ ಒಂದೇ ಒಂದು ವಿಷಯಕ್ಕೆ ಪಟ್ಟು ಹಿಡಿಯಲು ಸದಸ್ಯರಿಗೆ ಅವಕಾಶವಿದ್ದರೆ ಇದಕ್ಕೇ ಪಟ್ಟು ಹಿಡಿಯಬೇಕು.

ನಿಲ್ಲಿಸುವಾಗಲೂ ಕ್ರಮವಿದೆ. ಹೊರೆ ಇಳಿಸಿ ಕೆಲವು ನಿಮಿಷ ಬರಿದೆ ಓಡಿಸಿ, ಬಳಿಕ ನಿಲ್ಲಿಸಿ, ಕೂಲರಿನ ನೀರು ಅಥವಾ ಫ್ಯಾನನ್ನು ಇನ್ನೂ ಸ್ವಲ್ಪ ಹೊತ್ತು ಹಾಗೇ ಬಿಡುವುದು ವಾಡಿಕೆ. ಬಿಸಿಯಾದ ಸಿಲಿಂಡರಿನ ಮೇಲೆ ತಣ್ಣೀರು ಸುರಿಯುವುದು, ಒದ್ದೆ ಗೋಣಿಚೀಲ ಹೊದಿಸುವುದು ಹೊಲದ ಪಂಪ್‌ಸೆಟ್ಟಿನಿಂದ ಬಂದ ಅಭ್ಯಾಸ. ಬೀಡುಕಬ್ಬಿಣದ ಸಿಲಿಂಡರು ಹಾಗೆ ಹಠಾತ್ತನೆ ತಣಿದರೆ ಬಿರುಕು ಬಿಡುತ್ತದೆ.

ಕೂಲರ್, ನೀರು ಮತ್ತು ಷೆಡ್ಡು

ನೀರಿನಿಂದ ತಣಿಸುವ ಯಂತ್ರವಾದರೆ ನೀರಿನ ಗುಣವನ್ನು ಕೇಳಬೇಕು. ಬಯಲುಸೀಮೆಯ ಬಹುಪಾಲು ಕೊಳವೆಬಾವಿಗಳ ನೀರು ಗಡಸು. ಚಹಾ ಕಾಯಿಸುವ ಪಾತ್ರೆಯ ತಳದಲ್ಲಿ ಕಟ್ಟುವ ಬಿಳಿಯ ಪದರವೇ ಕೂಲರಿನ ಕೊಳವೆಗಳಲ್ಲೂ ಕಟ್ಟುತ್ತದೆ, ಬಿಸಿ ಹೆಚ್ಚಿದ್ದಲ್ಲಿ ಬೇಗ ಕಟ್ಟುತ್ತದೆ. ಆ ಪದರ ಉಕ್ಕಿನಂತೆ ಶಾಖವನ್ನು ಸಾಗಿಸುವುದಿಲ್ಲ. ಹೊಸ ಕೂಲರಿನಲ್ಲಿ ನಡೆದ ಪರೀಕ್ಷೆಯ ಅಂಕಿಗಳು ಆರು ತಿಂಗಳಿನ ಬಳಿಕ ಸಿಗದಿರುವುದಕ್ಕೆ ಇದೊಂದು ಕಾರಣ. ಕುಡಿಯುವ ನೀರಿನ ಘಟಕದ ಮಾದರಿಯಲ್ಲಿ ಮೃದುಗೊಳಿಸುವ ವ್ಯವಸ್ಥೆ ಅಂದಾಜು ಪಟ್ಟಿಯಲ್ಲೇ ಇರುವುದು ಒಳ್ಳೆಯದು.

ಗಾಳಿಯಿಂದ ತಣಿಸುವ ಯಂತ್ರವಾದರೆ ಷೆಡ್ಡೇ ಕೂಲರಿನ ಒಂದು ಭಾಗ. 37 ಕಿಲೋವಾಟ್ ಶಾಖವನ್ನು, ಷೆಡ್ಡಿನ ಗಾಳಿ 10 ಡಿಗ್ರಿಗಿಂತ ಹೆಚ್ಚು ಬಿಸಿಯಾಗದಂತೆ, ಹೊರಕ್ಕೆ ಒಯ್ಯಲು ಪ್ರತಿ ಸೆಕೆಂಡಿಗೆ 3 ಘನಮೀಟರಿಗಿಂತ ಹೆಚ್ಚು ಗಾಳಿ ಹಾಯಬೇಕು. ಒಂದು ರೋಲಿಂಗ್ ಷಟರ್, ಒಂದು ಸಣ್ಣ ಕಿಟಕಿ ಇರುವ ಕೊಠಡಿಯಲ್ಲಿ ಇದು ಆಗದ ಮಾತು. ಅಲ್ಲಿ ಕೂಲರ್ ಊದಿದ ಬಿಸಿ ಗಾಳಿಯನ್ನು ಕೂಲರೇ ಮತ್ತೆ ಎಳೆದುಕೊಳ್ಳುತ್ತದೆ. ಮೀಥೇನ್ ಗಾಳಿಗಿಂತ ಹಗುರವಾದುದರಿಂದ ಸೋರಿದ್ದು ಮೇಲ್ಛಾವಣಿಯ ಕೆಳಗೆ ಸೇರುತ್ತದೆ. ಮೇಲ್ಭಾಗ ತೆರೆದ ಷೆಡ್ಡು ಶಾಖಕ್ಕೂ ಸೋರಿಕೆಗೂ ಒಮ್ಮೆಗೇ ದಾರಿ ಮಾಡಿಕೊಡುತ್ತದೆ. ಕಳ್ಳರ ಭಯಕ್ಕೆಂದು ನಾಲ್ಕೂ ಕಡೆ ಗೋಡೆ ಕಟ್ಟಿಸುವ ನಿರ್ಣಯ ಪಂಚಾಯಿತಿಯ ಸಭೆಗೆ ಬಂದಾಗ ಸದಸ್ಯರು ಇದನ್ನು ನೆನೆಯಬೇಕು. ತಂತಿಬೇಲಿಯಿಂದಲೂ ಕಳ್ಳರನ್ನು ತಡೆಯಬಹುದು. ಪರೀಕ್ಷೆಯ ದಿನ ಷಟರ್ ಪೂರ್ತಿ ತೆರೆದಿಟ್ಟು, ಮರುದಿನದಿಂದ ಅರ್ಧ ಇಳಿಸಿ ಓಡಿಸುವುದಾದರೆ ಆ ಪರೀಕ್ಷೆಗೆ ಬೆಲೆಯಿಲ್ಲ.

ಕೊಳವೆಬಾವಿ ಕಂಪ್ರೆಸರ್

ಎಲ್ಲ ಪಂಚಾಯಿತಿಗಳಲ್ಲೂ ಜೈವಿಕ ಅನಿಲದ ಘಟಕವಿಲ್ಲ. ಆದರೆ ಕೊಳವೆಬಾವಿ ಕೊರೆಸದ, ಫ್ಲಶಿಂಗ್ ಮಾಡಿಸದ ಪಂಚಾಯಿತಿಯೂ ಇಲ್ಲ. ಲಾರಿಯ ಮೇಲೆ ಬರುವ ಆ ಕಂಪ್ರೆಸರ್ ಹೆಚ್ಚಾಗಿ ಸ್ಕ್ರೂ ಮಾದರಿಯದು. ಅದರೊಳಗೆ ಗಾಳಿಯ ಜೊತೆ ಎಣ್ಣೆಯನ್ನೂ ಸಿಂಪಡಿಸಿ ಬಿಸಿಯನ್ನು ಎಣ್ಣೆಗೆ ವರ್ಗಾಯಿಸಲಾಗುತ್ತದೆ. ಸಾಮಾನ್ಯ ಚಾಲನೆಯಲ್ಲಿ ಹೊರಹರಿವು 80ರಿಂದ 100 ಡಿಗ್ರಿ, 110ರ ಆಸುಪಾಸಿನಲ್ಲಿ ಟ್ರಿಪ್. ಕೊರೆಯುವಾಗ ಏಳುವ ಕಲ್ಲುಪುಡಿ ಎಣ್ಣೆ ಕೂಲರಿನ ರೆಕ್ಕೆಗಳ ನಡುವೆ ತುಂಬಿಕೊಳ್ಳುತ್ತದೆ. ಗಂಟೆಗೊಮ್ಮೆ ಯಂತ್ರ ನಿಲ್ಲುತ್ತಿದ್ದರೆ, 'ಬಾವಿ ಗಟ್ಟಿಯಿದೆ, ದರ ಹೆಚ್ಚಾಗುತ್ತದೆ' ಎಂಬ ಮಾತಿಗೆ ಮೊದಲು ಕೂಲರನ್ನು ನೋಡಬೇಕು. ಗಂಟೆಯ ಲೆಕ್ಕದಲ್ಲಿ ಬಾಡಿಗೆ ಕೊಡುವಾಗ ಬಿಸಿಯಿಂದ ನಿಂತ ವೇಳೆಯನ್ನು ಬಿಲ್ಲಿನಿಂದ ಕಳೆಯುವ ಷರತ್ತನ್ನು ಕಾರ್ಯಾದೇಶದಲ್ಲಿ ಸೇರಿಸಬಹುದು.

ದಾಖಲೆ

ಅನಿಲ ಸಿಲಿಂಡರುಗಳನ್ನು ತುಂಬುವ ಘಟಕಗಳಿಗೆ ಅನಿಲ ಸಿಲಿಂಡರುಗಳ ನಿಯಮಗಳು, 2016ರ ಅಡಿಯಲ್ಲಿ ಪೆಟ್ರೋಲಿಯಂ ಮತ್ತು ಸ್ಫೋಟಕಗಳ ಸುರಕ್ಷತಾ ಸಂಸ್ಥೆಯ ಪರವಾನಗಿ ಅಗತ್ಯ. ಗ್ರಾಮ ಪಂಚಾಯಿತಿಯ ಸಾಕ್ಷಿ ಸಹಿ ಆ ಪರವಾನಗಿಗೆ ಬದಲಿಯಲ್ಲ, ಆ ಪರವಾನಗಿ ಇದೆಯೆಂಬ ಕಾರಣಕ್ಕೆ ಪಂಚಾಯಿತಿ ಕಣ್ಣು ಮುಚ್ಚಬೇಕಾಗಿಯೂ ಇಲ್ಲ. ಪಂಚಾಯಿತಿಯ ಹಣದಿಂದ ಕಟ್ಟಿದ ಘಟಕವಾದರೆ ಪರೀಕ್ಷಾ ವರದಿಯ ಪ್ರತಿಯೊಂದು ಪಂಚಾಯಿತಿ ಕಚೇರಿಯ ಕಡತದಲ್ಲಿರಬೇಕು. ಖಾಸಗಿ ಘಟಕವಾದರೆ ಗ್ರಾಮಸಭೆಯಲ್ಲಿ ಅದರ ಪ್ರತಿಯನ್ನು ಕೋರಬಹುದು.

ವರದಿಯಲ್ಲಿ ಯಾವ ಅನಿಲದಿಂದ ಪರೀಕ್ಷೆ ನಡೆಯಿತು, ಹೊರಗಿನ ಉಷ್ಣಾಂಶ ಎಷ್ಟಿತ್ತು, ಪ್ರತಿ ಹಂತದ ಒಳ ಹೊರ ಒತ್ತಡ ಮತ್ತು ಉಷ್ಣಾಂಶಗಳು ಹದಿನೈದು ನಿಮಿಷಕ್ಕೊಮ್ಮೆ ಎಷ್ಟಿದ್ದವು, ಟ್ರಿಪ್ ಯಾವ ಅಂಕಿಯಲ್ಲಿ ಯಂತ್ರವನ್ನು ನಿಲ್ಲಿಸಿತು, ಷೆಡ್ಡಿನ ಬಾಗಿಲುಗಳು ಯಾವ ಸ್ಥಿತಿಯಲ್ಲಿದ್ದವು ಎಂಬಿಷ್ಟು ಇರತಕ್ಕದ್ದು. ಉಷ್ಣಾಂಶದ ಕಾಲಂನಲ್ಲಿ ಅಂಕಿಯ ಬದಲು ಪದವಿದ್ದರೆ ಪಂಚಾಯಿತಿ ಅಭಿವೃದ್ಧಿ ಅಧಿಕಾರಿಗಳು ಅದನ್ನು ಹಿಂತಿರುಗಿಸಬೇಕು. ಹಸ್ತಾಂತರವಾದ ನಂತರದ ಮೊದಲ ಏಪ್ರಿಲ್ ತಿಂಗಳಲ್ಲಿ, ಖಾತರಿ ಅವಧಿ ಮುಗಿಯುವ ಮೊದಲು, ಮಧ್ಯಾಹ್ನದ ಹೊತ್ತಿನಲ್ಲಿ ಅದೇ ನಮೂನೆಯಲ್ಲಿ ಇನ್ನೊಂದು ದಾಖಲೆ ಬರೆಸಿ ಮೊದಲಿನದರ ಪಕ್ಕದಲ್ಲಿ ಇರಿಸತಕ್ಕದ್ದು.